ಬೂತಾಯಿಯ ದಾಯಾದಿ

ತಾಯಿಯವರು ಗತಿಸಿದ ತರುವಾಯ ತಂದೆಯವರು ಮಂಗಳೂರಿನಿಂದ ಪಲೆರ್ಮೊ ಪಟ್ಟಣದ ನಮ್ಮ ಮನೆಗೆ ಬಂದರು. ಆದರೆ ರಾತ್ರಿಯ ಊಟವನ್ನು ಮುಟ್ಟುತ್ತಿರಲಿಲ್ಲ. ಒಂದು ದಿನ ಬಲ್ಲಾರೋ ಸಂತೆಯಲ್ಲಿ ಸಾರ್ಡೀನು ಮೀನನ್ನು ಕಂಡು, "ಇದು ನಮ್ಮ ಬೂತಾಯಿಯ ದಾಯಾದಿಯಲ್ಲವೇ?" ಎಂದರು. ಆ ಸಂಜೆ ನಾವು ಸಿಸಿಲಿಯವರ ಪಾಕವನ್ನೇ ಮಾಡಿದೆವು.

ಕಾಡುಸೋಂಪಿನ ಎಳೆಸೊಪ್ಪನ್ನು ಬೇಯಿಸಿ ತೆಗೆದು, ಅದೇ ಉಪ್ಪುನೀರಿನಲ್ಲಿ ಪಾಸ್ತಾವನ್ನು ಕುದಿಸಿದೆವು. ಆಲಿವ್ ಎಣ್ಣೆಯಲ್ಲಿ ಈರುಳ್ಳಿ, ಒಣದ್ರಾಕ್ಷಿ, ಮುಳ್ಳು ತೆಗೆದ ಮೀನು, ಹೆಚ್ಚಿದ ಸೊಪ್ಪು ಇವೆಲ್ಲ ಬಾಡಿದ ಮೇಲೆ ಪಾಸ್ತಾವನ್ನೂ ಒಂದು ಸೌಟು ಕುದಿನೀರನ್ನೂ ಬೆರೆಸಿದೆವು. ಎಣ್ಣೆಯನ್ನು ಎಳೆಗಳಿಗೆ ಹಿಡಿಸುವುದು ಆ ನೀರಿನ ಗಂಜಿಯೇ, ಅದನ್ನು ಚೆಲ್ಲಲಾಗದು. ಮೇಲೆ ಹುರಿದ ಬ್ರೆಡ್ಡಿನ ಪುಡಿ; ಚೀಸು ಸಲ್ಲದು.

ತಂದೆಯವರು ಒಂದು ತುತ್ತುಂಡು, "ಹುಳಿ ಸಾಲದು. ನಿಮ್ಮಮ್ಮನಾಗಿದ್ದರೆ ಹುಣಿಸೆ ಕಿವುಚುತ್ತಿದ್ದಳು" ಎಂದರು. ಬಳಿಕ ತಟ್ಟೆಯನ್ನು ನಮ್ಮತ್ತ ಸರಿಸಿ, "ಇನ್ನಿಷ್ಟು ಬಡಿಸಿ" ಎಂದರು.