ಪಾರಿಜಾತಕ್ಕೆ ಸ್ವಲ್ಪ ಕಾಯಬೇಕು

ಪಾರಿಜಾತದ ಹೂವನ್ನು ಮೆಚ್ಚದವರಿಲ್ಲ. ಗಿಡವನ್ನು ಮೆಚ್ಚುವವರು ಮಾತ್ರ ಕಡಿಮೆ. ಎಲೆ ಮುಟ್ಟಿದರೆ ಉಪ್ಪುಕಾಗದದಂತೆ ಒರಟು. ಎಳೆಯ ಕೊಂಬೆಗಳು ದುಂಡಗಿರದೆ ಚೌಕಾಕಾರ. ಬೇಸಿಗೆಯಲ್ಲಂತೂ ಎಲೆಯೆಲ್ಲ ಉದುರಿ, ಯಾರೋ ಒಣ ಕಡ್ಡಿಗಳನ್ನು ನೆಟ್ಟು ಹೋದಂತೆ ಕಾಣುತ್ತದೆ. ಈ ರೂಪವೇ ನಮ್ಮ ಮನೆಯ ಗಿಡಕ್ಕೆ ಕುತ್ತು ತಂದಿತ್ತು.

ತೀರ್ಥಹಳ್ಳಿ ಕಡೆಯ ಹಳೆಯ ಮನೆಯನ್ನು ಮಾರಿ ಅತ್ತೆಯವರು ತುಮಕೂರಿಗೆ ನಮ್ಮೊಡನೆ ಇರಲು ಬಂದಾಗ, ಸೆರಗಿನ ತುದಿಯಲ್ಲಿ ಒಂದಿಷ್ಟು ಒಣಗಿದ ಪಾರಿಜಾತದ ಕಾಯಿ ಗಂಟು ಹಾಕಿಕೊಂಡು ಬಂದಿದ್ದರು. ಚಪ್ಪಟೆಯಾದ, ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕಾಯಿ. ಎರಡು ಹೋಳು ಮಾಡಿದರೆ ಹೋಳಿಗೊಂದು ಬೀಜ. ಅವನ್ನು ರಾತ್ರಿಯಿಡೀ ನೆನೆಸಿ, ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡದಲ್ಲಿ ಊರಿದರು. ಮೊಳಕೆ ಕಾಣಲು ಕೆಲವು ವಾರ ಬೇಕಾಯಿತು. ಗೇಣುದ್ದ ಬೆಳೆದ ಸಸಿಯನ್ನು ಗೇಟಿನ ಪಕ್ಕ, ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಟ್ಟೆವು.

ಮೊದಲ ಬೇಸಿಗೆಯಲ್ಲಿ ಅರ್ಧ ಎಲೆ ಉದುರಿತು. ಎರಡನೆಯ ಬೇಸಿಗೆಯಲ್ಲಿ ಒಂದೂ ಉಳಿಯಲಿಲ್ಲ. ಅದೇ ಹೊತ್ತಿಗೆ ಮನೆಗೆ ಕಾರು ಬಂತು. ಅಂಗಳಕ್ಕೆ ಸಿಮೆಂಟು ಹಾಕಲು ಬಂದ ಮೇಸ್ತ್ರಿ, "ಇದು ಒಣಗೋಗಿದೆ ಅಕ್ಕಾ, ಕಿತ್ತು ಹಾಕ್ತೀನಿ" ಎಂದ. ನಮ್ಮವರೂ ತಲೆಯಾಡಿಸಿದರು. ಅತ್ತೆ, "ನಿಮಗೆ ಅಡ್ಡ ಆದ್ರೆ ತೆಗೀರಪ್ಪ" ಎಂದಷ್ಟೇ ಹೇಳಿ ಒಳಗೆ ಹೋದರು. ಊರಿನ ಮನೆಯಿಂದ ಅವರೊಡನೆ ಬಂದ ಜೀವವೆಂದರೆ ಇದೊಂದೇ ಎಂದು ನನಗೆ ಹೊಳೆದದ್ದು ಆಗ.

ನಾನು ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದೆ. ಒಳಗೆ ಹಸಿರು ಇತ್ತು! ಒಣಗಿದ ಕಡ್ಡಿಯಾದರೆ ಒಳಗೂ ಕಂದು ಬಣ್ಣವೇ ಇರುತ್ತದೆ, ಬಗ್ಗಿಸಿದರೆ ಚಟ್ಟನೆ ಮುರಿಯುತ್ತದೆ. ನಮ್ಮವರನ್ನು ಕರೆದು ತೋರಿಸಿ, "ಮುಂಗಾರಿನವರೆಗೆ ಬಿಡಿ, ಆಮೇಲೆ ನೋಡೋಣ" ಎಂದೆ. ಮೇಸ್ತ್ರಿ ಬುಡದ ಸುತ್ತ ಮೂರಡಿ ಮಣ್ಣು ಬಿಟ್ಟು ಸಿಮೆಂಟು ಹಾಕಿದ. ಕಾರು ತುಸು ಓರೆಯಾಗಿ ನಿಲ್ಲಬೇಕಾಯಿತು.

ಎರಡು ಮಳೆ ಬಿದ್ದದ್ದೇ ತಡ, ಗೆಣ್ಣುಗೆಣ್ಣಿನಲ್ಲೂ ಚಿಗುರು. ಸೆಪ್ಟೆಂಬರಿನ ಒಂದು ಸಂಜೆ ಮೊದಲ ಮೊಗ್ಗು ಅರಳಿ, ಪರಿಮಳ ಅಡುಗೆಮನೆಯವರೆಗೂ ಬಂತು. ಬೆಳಗಾಗುವಷ್ಟರಲ್ಲಿ ಬಿಳಿ ಎಸಳು, ಕಿತ್ತಳೆ ತೊಟ್ಟಿನ ಹೂಗಳು ನೆಲದ ಮೇಲೆ. ನೆಲಕ್ಕೆ ಬಿದ್ದ ಹೂ ಪೂಜೆಗೆ ಬಾರದು ಎನ್ನುವವರೂ ಪಾರಿಜಾತಕ್ಕೆ ವಿನಾಯಿತಿ ಕೊಡುತ್ತಾರೆ. ಅತ್ತೆಗೆ ಮಂಡಿನೋವು, ಬಗ್ಗಲಾಗದು. ಹಾಗಾಗಿ ರಾತ್ರಿ ಗಿಡದ ಕೆಳಗೆ ಹಳೆಯ ಸೀರೆ ಹಾಸುತ್ತೇವೆ. ಬೆಳಿಗ್ಗೆ ಅವರೂ ಮೊಮ್ಮಗಳೂ ಅದರ ನಾಲ್ಕು ಮೂಲೆ ಹಿಡಿದು ಹೂ ಒಟ್ಟುಮಾಡುತ್ತಾರೆ.

ಕಿತ್ತಳೆ ತೊಟ್ಟುಗಳನ್ನು ಬಿಡಿಸಿ, ನೆರಳಲ್ಲಿ ಒಣಗಿಸಿ, ನೀರಲ್ಲಿ ಕುದಿಸಿ ಮಗಳು ತನ್ನ ಕರವಸ್ತ್ರಕ್ಕೆ ಹಳದಿ ಬಣ್ಣ ಹಾಕಿದಳು. ಹಿಂದೆ ರೇಷ್ಮೆಗೂ ಈ ಬಣ್ಣ ಹಾಕುತ್ತಿದ್ದರು. ಬಿಸಿಲಿಗೆ ಬೇಗ ಮಾಸುತ್ತದೆ, ಅಷ್ಟೆ. 1753ರಲ್ಲಿ ಲಿನೇಯಸ್ ಇದಕ್ಕೆ ಕೊಟ್ಟ ಲ್ಯಾಟಿನ್ ಹೆಸರಿನಲ್ಲಿ 'ದುಃಖದ ಮರ' ಎಂಬ ಅರ್ಥವಿದೆ ಎಂದು ಅವಳು ಓದಿ ಹೇಳಿದಾಗ ಅತ್ತೆ ನಕ್ಕರು: "ದುಃಖ ಎಂಥದ್ದು ಪುಟ್ಟಿ? ರಾತ್ರಿಯಿಡೀ ಕೆಲಸ ಮಾಡಿದೆ, ಬೆಳಿಗ್ಗೆ ಮಲಗಿದೆ."

ನೀವೂ ಬೆಳೆಸುವುದಾದರೆ ಮಣ್ಣಿನಲ್ಲಿ ನೀರು ನಿಲ್ಲಲು ಬಿಡಬೇಡಿ. ಹೂವಿನ ಕಾಲ ಮುಗಿದ ಮೇಲೆ ಉದ್ದ ಕೊಂಬೆಗಳನ್ನು ಕತ್ತರಿಸಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಬೇಸಿಗೆಯಲ್ಲಿ ಬೋಳಾಯಿತೆಂದು ಕೊಡಲಿ ಹುಡುಕುವ ಮೊದಲು ಒಮ್ಮೆ ಉಗುರಿನಿಂದ ಕೆರೆದು ನೋಡಿ. ಈ ವರ್ಷದ ಕಾಯಿಗಳು ನಮ್ಮ ಕಿಟಕಿಯಲ್ಲಿ ಒಣಗುತ್ತಿವೆ. ಪಕ್ಕದ ಮನೆಯವರಿಗೆ, ಎದುರುಮನೆಯವರಿಗೆ, ಮಗಳ ಶಾಲೆಗೆ ಎಂದು ಅತ್ತೆ ಈಗಾಗಲೇ ಪಾಲು ಹಾಕಿಟ್ಟಿದ್ದಾರೆ.