ಮೂಗಿಗೊಂದು ಚಿಟಿಕೆ ಜೇಡಿಮಣ್ಣು

ಕೋಲಾರದ ಚಿನ್ನದ ಗಣಿ ಎಂದೊಡನೆ ಯಾರ ಮನಸ್ಸಾದರೂ ಇಳಿಯುವುದು ನೆಲದ ಆಳಕ್ಕೆ. ಅದು ಸಹಜವೇ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳ ಮುಟ್ಟಿತ್ತು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹರಿದು ಬಂದದ್ದೂ ಈ ಗಣಿಗಳಿಗೇ. 2001ರ ಫೆಬ್ರವರಿ 28ರಂದು ಗಣಿಯ ಕೆಲಸ ನಿಂತಿತು. ಆಳಕ್ಕೆ ಇಳಿಯುತ್ತಿದ್ದವರ ಮಕ್ಕಳು ಈಗ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್, ಊರಿಗಾಂ ನಿಲ್ದಾಣಗಳಲ್ಲಿ ಜನ ತುಂಬಿಕೊಂಡು ಬರುವ ರೈಲಿಗೆ ಬಂಗಾರಪೇಟೆಯಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಇಂಥ ಕಡೆ, ತಲೆಯೆತ್ತಿ ಆಕಾಶ ನೋಡಿಸುವ ಒಂದು ಸಣ್ಣ ಹವ್ಯಾಸದ ಬಗ್ಗೆ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದು. ಅದು ಬಾಲ್ಸಾ ಮರದ ಗ್ಲೈಡರ್ ಮಾಡುವ ಹವ್ಯಾಸ.

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಅದಕ್ಕೆ ಬ್ಯಾಟರಿ ಇಲ್ಲ, ಕೀಲಿ ಇಲ್ಲ, ರಬ್ಬರ್ ಬ್ಯಾಂಡೂ ಇಲ್ಲ. ಕೈ ಕೊಟ್ಟ ವೇಗ, ಕೈ ಇದ್ದ ಎತ್ತರ, ಇವೆರಡೇ ಅದರ ಬಂಡವಾಳ. ಈ ಬಂಡವಾಳವನ್ನು ದುಂದು ಮಾಡದೆ, ಗಾಳಿಯ ಮೇಲೆ ಜಾರುತ್ತಾ ಎಷ್ಟು ದೂರ ಹೋಗಬಲ್ಲದು ಎಂಬುದರಲ್ಲೇ ಅದರ ಜಾಣತನವಿದೆ. ಇದನ್ನು ಆಟಿಕೆಯೆಂದು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನ ಜಾರ್ಜ್ ಕೇಲಿ 1804ರಲ್ಲೇ ಕೋಲೊಂದಕ್ಕೆ ಗಾಳಿಪಟದಂಥ ರೆಕ್ಕೆಯನ್ನೂ ಹಿಂದೆ ಬಾಲವನ್ನೂ ಕಟ್ಟಿ ಪುಟ್ಟ ಗ್ಲೈಡರ್ ಹಾರಿಸಿದ. ಇಂದಿನ ವಿಮಾನದ ಆಕಾರ ಅಲ್ಲಿಂದಲೇ ಶುರು. ರೈಟ್ ಸಹೋದರರು 1903ರಲ್ಲಿ ಎಂಜಿನ್ ಕೂರಿಸುವ ಮುನ್ನ 1900ರಿಂದ 1902ರವರೆಗೆ ಗ್ಲೈಡರ್‌ಗಳನ್ನೇ ಹಾರಿಸಿ ಪಳಗಿದರು. ನಮ್ಮ ಬೆಂಗಳೂರಿನ ಕಥೆಯೂ ಬೇರೆಯಲ್ಲ. 1940ರ ಡಿಸೆಂಬರ್‌ನಲ್ಲಿ ಆರಂಭವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆ ಮರುವರ್ಷ ತನ್ನದೇ ವಿನ್ಯಾಸದಲ್ಲಿ ರೂಪಿಸಿದ್ದು ಹತ್ತು ಆಸನಗಳ ಒಂದು ಗ್ಲೈಡರನ್ನು. ಅದರ ವಿನ್ಯಾಸಕಾರ ಡಾ. ವಿ. ಎಂ. ಘಾಟಗೆ. ಮುಂದೆ 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಹಿಂದೆಯೂ ಇದ್ದವರು ಅವರೇ.

ಇನ್ನು ಬಾಲ್ಸಾ ಮರದ ವಿಚಾರ. ಇದರ ತವರು ದಕ್ಷಿಣ ಅಮೆರಿಕ. ಜಗತ್ತಿಗೆ ಬೇಕಾದ ಬಾಲ್ಸಾದ ಬಹುಪಾಲು ಈಕ್ವೆಡಾರ್ ದೇಶದಿಂದ ಬರುತ್ತದೆ. ನಮ್ಮ ಬೂರುಗದ ಮರ ಇದಕ್ಕೆ ದಾಯಾದಿ. ತೇಗಕ್ಕೆ ಹೋಲಿಸಿದರೆ ಇದರ ತೂಕ ಕಾಲುಭಾಗವಷ್ಟೇ. ಒಂದೂವರೆ ಮಿಲಿಮೀಟರ್ ದಪ್ಪದ ಹಾಳೆಯಲ್ಲಿ ಮೊಳಕ್ಕೆ ತುಸು ಕಡಿಮೆ ಉದ್ದದ ರೆಕ್ಕೆ ಕತ್ತರಿಸಿದರೆ ಅದರ ತೂಕ ಸುಮಾರು ಐದು ಗ್ರಾಂ ಮಾತ್ರ. ಬೆಂಡಿನಷ್ಟು ಹಗುರವಾಗಿದ್ದರೂ ನಾರಿನ ಉದ್ದಕ್ಕೆ ಗಟ್ಟಿ. 1947ರಲ್ಲಿ ಥಾರ್ ಹೆಯರ್‌ಡಾಲ್ ಶಾಂತಸಾಗರ ದಾಟಿದ ಕಾನ್-ಟಿಕಿ ತೆಪ್ಪ ಬಾಲ್ಸಾ ದಿಮ್ಮಿಗಳದ್ದು. ಎರಡನೆಯ ಮಹಾಯುದ್ಧದ ಮಾಸ್ಕಿಟೋ ವಿಮಾನದ ಮೈಯಲ್ಲೂ ಬಾಲ್ಸಾ ಇತ್ತು. ಈಗ ಗಾಳಿಯಂತ್ರಗಳ ಭಾರೀ ರೆಕ್ಕೆಗಳ ಒಳಗೂ ಇದನ್ನು ತುಂಬುತ್ತಾರೆ. ಬೆಂಗಳೂರಿನ ಹವ್ಯಾಸದ ಅಂಗಡಿಗಳಲ್ಲಿ ಇದರ ಹಾಳೆಗಳು ದೊರೆಯುತ್ತವೆ. ದಿನಾ ಬೆಂಗಳೂರಿಗೆ ಹೋಗಿಬರುವ ಅಪ್ಪನಿಗೆ ಒಂದು ಹಾಳೆ ಚೀಲದಲ್ಲಿಟ್ಟು ತರುವುದು ಕಷ್ಟವಲ್ಲ. ರೈಲಿನ ನೂಕುನುಗ್ಗಲಿನಲ್ಲಿ ಮುರಿಯದಂತೆ ರಟ್ಟಿನ ನಡುವೆ ಇಡಬೇಕು, ಅಷ್ಟೆ.

ಮಾಡುವ ವಿಧಾನ ಸರಳ. ರೆಕ್ಕೆಗೆ 15 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಎರಡು ತುಂಡು. ಮರದ ನಾರು ರೆಕ್ಕೆಯ ಉದ್ದಕ್ಕೇ ಇರಬೇಕು, ಅಡ್ಡವಾದರೆ ಮೊದಲ ಹಾರಾಟದಲ್ಲೇ ಮುರಿಯುತ್ತದೆ. ಒಡಲಿಗೆ 28 ಸೆಂ.ಮೀ. ಉದ್ದದ, ಐದಾರು ಮಿಲಿಮೀಟರ್ ದಪ್ಪದ ಪಟ್ಟಿ. ಹಿಂದಿನ ಅಡ್ಡಬಾಲಕ್ಕೆ 12 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ತುಂಡು, ನೆಟ್ಟಗಿನ ಬಾಲಕ್ಕೆ 4 ಸೆಂ.ಮೀ. ಚೌಕ. ಹೊಸ ಬ್ಲೇಡಿನಿಂದ, ಸ್ಕೇಲು ಹಿಡಿದು, ಒತ್ತದೆ ಎರಡು ಮೂರು ಸಲ ಎಳೆದು ಕತ್ತರಿಸಬೇಕು. ಬ್ಲೇಡು ಹಿಡಿಯುವಾಗ ಚಿಕ್ಕ ಮಕ್ಕಳ ಪಕ್ಕದಲ್ಲಿ ದೊಡ್ಡವರಿರಲಿ. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಬೇಕು. ರೆಕ್ಕೆಯ ಎರಡು ತುಂಡುಗಳನ್ನು ಅಂಟಿಸುವಾಗ ಒಂದನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಇನ್ನೊಂದರ ಹೊರತುದಿಯ ಕೆಳಗೆ ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿ. ಆಗ ರೆಕ್ಕೆ ಅಗಲವಾದ ‘ವಿ’ ಅಕ್ಷರದಂತಾಗುತ್ತದೆ. ಗ್ಲೈಡರ್ ಒಂದು ಪಕ್ಕಕ್ಕೆ ವಾಲಿದಾಗ ತಾನೇ ಸರಿಹೋಗಲು ಈ ಬಾಗು ಸಹಾಯಕ. ಮೂಗಿನಿಂದ 6 ಸೆಂ.ಮೀ. ಬಿಟ್ಟು ರೆಕ್ಕೆ ಕೂರಿಸಿ. ರೆಕ್ಕೆಯ ಮುಂದಿನ ಅಂಚಿನ ಕೆಳಗೆ ಬಾಲ್ಸಾದ್ದೇ ಒಂದು ತೆಳು ಚೂರು ಇಟ್ಟು ತುಸು ಎತ್ತರಿಸಿ. ಅಂಟಿಗೆ ಫೆವಿಕಾಲ್ ಸಾಕು, ಆದರೆ ತೆಳುವಾಗಿ ಸವರಿ. ಅಂಟು ಹೆಚ್ಚಾದಷ್ಟೂ ಭಾರ ಹೆಚ್ಚು. ಇಷ್ಟಾದ ಮೇಲೆ ರಾತ್ರಿಯಿಡೀ ಮುಟ್ಟದೆ ಬಿಡಬೇಕು. ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾದ ಹಂತ ಇದೇ!

ನಿಜವಾದ ಪಾಠ ಶುರುವಾಗುವುದು ಮರುದಿನ ಬೆಳಿಗ್ಗೆ. ಬಂಗಾರಪೇಟೆಯ ಒಂದು ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ತಾತ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಮಗನಿಗೆ ರೈಲು ಹತ್ತಲು ಅನುಕೂಲವಾಗಲೆಂದು ಸಂಸಾರ ಇಲ್ಲಿಗೆ ಬಂತು. ಮಗ ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮನೆಗೆ ಬರುವವರು. ಮೊಮ್ಮಗ ಎಂಟನೇ ತರಗತಿ. ವಿಜ್ಞಾನದ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದ ಮೇಲೆ ಹುಡುಗ ಪುಸ್ತಕ ತೆರೆಯುವುದಕ್ಕೇ ಅಂಜುತ್ತಿದ್ದ. ಉತ್ತರ ಗೊತ್ತಿದ್ದರೂ ತಪ್ಪಾದೀತೆಂದು ಬಾಯಿ ಬಿಡುತ್ತಿರಲಿಲ್ಲ. ಶಾಲೆಯ ವಸ್ತುಪ್ರದರ್ಶನಕ್ಕೆಂದು ತಾತ, ಮೊಮ್ಮಗ ಸೇರಿ ಗ್ಲೈಡರ್ ಮಾಡಿದರು. ಮೊದಲ ಎಸೆತಕ್ಕೆ ಅದು ಸರ್ರನೆ ಮೇಲೇರಿ, ಅರೆಗಳಿಗೆ ನಿಂತು, ಮೂಗು ಕೆಳಗೆ ಮಾಡಿ ಬಿತ್ತು. ಹುಡುಗನ ಮುಖ ಬಾಡಿತು.

“ಕೆಟ್ಟುಹೋಯ್ತು ತಾತ.”

“ಕೆಟ್ಟಿಲ್ಲ ಕಣೋ, ಮೂಗು ಹಗುರ ಆಗಿದೆ ಅಂತ ಹೇಳ್ತಾ ಇದೆ. ಎಲ್ಲಿ, ಬೆರಳ ಮೇಲೆ ನಿಲ್ಲಿಸು.”

ರೆಕ್ಕೆಯ ಮುಂದಿನ ಅಂಚಿನಿಂದ ಮೂರನೆಯ ಒಂದು ಭಾಗ ಹಿಂದೆ, ಅಂದರೆ ಸುಮಾರು 2.3 ಸೆಂ.ಮೀ. ಜಾಗದಲ್ಲಿ, ಎರಡು ಪಕ್ಕದಲ್ಲೂ ಬೆರಳ ತುದಿ ಆನಿಸಿ ಎತ್ತಿದರೆ ಗ್ಲೈಡರ್ ಸಮತೂಕವಾಗಿ ನಿಲ್ಲಬೇಕು. ಬಾಲ ಕೆಳಕ್ಕಿಳಿದರೆ ಮೂಗಿಗೆ ಒಂದು ಚಿಟಿಕೆ ಜೇಡಿಮಣ್ಣು ಮೆತ್ತಬೇಕು. ನೇರವಾಗಿ ಮೂಗು ಕುಟ್ಟಿ ಬೀಳುತ್ತಿದ್ದರೆ ಒಂದಿಷ್ಟು ಮಣ್ಣು ತೆಗೆಯಬೇಕು. ಪಕ್ಕಕ್ಕೆ ತಿರುಗುತ್ತಿದ್ದರೆ ನೆಟ್ಟಗಿನ ಬಾಲದ ಹಿಂದಂಚನ್ನು ಎದುರು ಪಕ್ಕಕ್ಕೆ ಕೂದಲೆಳೆಯಷ್ಟು ಬಾಗಿಸಬೇಕು. ತಾತನ ವರ್ಕ್‌ಶಾಪಿನ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಮಣ್ಣನ್ನೂ ಹಾಕಿ ಬಾಲವನ್ನೂ ಬಾಗಿಸಿದರೆ, ಗುಣ ಯಾವುದರಿಂದ ಬಂತೆಂದು ಹೇಳುವುದು ಹೇಗೆ? ವಿಜ್ಞಾನದ ವಿಧಾನವೆಂದು ದೊಡ್ಡ ಪುಸ್ತಕಗಳಲ್ಲಿ ಬರೆಯುವುದೂ ಇದನ್ನೇ. ನಾಲ್ಕನೆಯ ಎಸೆತಕ್ಕೆ ಗ್ಲೈಡರ್ ಬೀದಿಯ ಉದ್ದಕ್ಕೂ ಜಾರಿಹೋಯಿತು.

ಆದರೆ ಭಾನುವಾರ ಬಂದದ್ದು ಬೇರೆ ತೊಡಕು. “ಇದರಿಂದ ಎಷ್ಟು ಮಾರ್ಕ್ಸ್ ಬರುತ್ತೆ?” ಎಂದು ಮೊದಲು ಗೊಣಗಿದ ಅಪ್ಪ, ಆಮೇಲೆ ತಾವೇ ಕುಳಿತರು. ಅವರದು ಪಳಗಿದ ಕೈ. ಎರಡು ಗಂಟೆಯಲ್ಲಿ ಅಂದವಾದ ಇನ್ನೊಂದು ಗ್ಲೈಡರ್ ಕತ್ತರಿಸಿ ಅಂಟಿಸಿದರು. “ಪ್ರದರ್ಶನಕ್ಕೆ ಇದನ್ನೇ ತೊಗೊಂಡು ಹೋಗು” ಎಂದರು. ಹುಡುಗ ಹೂಂ ಎಂದ. ತನ್ನದನ್ನು ಬೀರುವಿನ ಮೇಲಿಟ್ಟು ಟಿವಿ ಮುಂದೆ ಹೋಗಿ ಕುಳಿತ. ಸಂಜೆ ತಾತ ಮಗನನ್ನು ಕರೆದು ಮೆಲ್ಲಗೆ ಹೇಳಿದರು: “ನೀನು ಮಾಡಿಕೊಟ್ಟರೆ ಹಾರೋದು ನಿನ್ನ ವಿಮಾನ ಕಣಪ್ಪ. ಅವನದು ಬೀಳಲಿ ಬಿಡು. ಯಾಕೆ ಬಿತ್ತು ಅಂತ ಹುಡುಕೋ ಕೆಲಸವನ್ನ ಅವನ ಕೈಯಿಂದ ಕಿತ್ಕೋಬೇಡ.”

ಅಪ್ಪ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಶಾಲೆಯ ಮೈದಾನದಲ್ಲಿ ಅಳತೆ ಟೇಪಿನ ತುದಿ ಹಿಡಿದು ನಿಂತದ್ದು ಅವರೇ. ಎಸೆದವನು ಮಗ. ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟದ್ದು ಎಷ್ಟು ದೂರ ಹೋಗಿ ನೆಲ ಮುಟ್ಟಿತೆಂದು ಹತ್ತು ಸಲ ಅಳೆದು, ಹುಡುಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಸರಾಸರಿ ಒಂಬತ್ತು ಮೀಟರ್ ಬಂತು. ಒಂಬತ್ತನ್ನು ಒಂದೂವರೆಯಿಂದ ಭಾಗಿಸಿದರೆ ಆರು. ಅಂದರೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಆರು ಮೀಟರ್ ಮುಂದೆ ಸಾಗುವ ಗ್ಲೈಡರ್. ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ಆದರೆ ನೋಡಲು ಬಂದವರೊಬ್ಬರು “ಇದು ಯಾಕಪ್ಪ ಬೀಳುತ್ತೆ?” ಎಂದು ಕೇಳಿದಾಗ, ಬಾಯಿ ಬಿಡಲು ಅಂಜುತ್ತಿದ್ದ ಹುಡುಗ ಹತ್ತು ನಿಮಿಷ ವಿವರಿಸಿದ.

ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿ ಹೆಚ್ಚು ದೂರ ಸಾಗಬೇಕು, ಕೆಳಗಿನ ಗಾಳಿಯ ಜೊತೆಗೇ ಹಿಂದಿನ ಅಂಚು ತಲುಪಲು ಅದು ವೇಗವಾಗಿ ಓಡುತ್ತದೆ, ಅದರಿಂದಲೇ ವಿಮಾನ ಮೇಲೇಳುತ್ತದೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಹಾಗಿದ್ದರೆ ನಮ್ಮ ಬಾಲ್ಸಾ ಹಾಳೆ ಹಾರಲೇಬಾರದು. ಅದರ ಮೇಲೂ ಚಪ್ಪಟೆ, ಕೆಳಗೂ ಚಪ್ಪಟೆ! ಮೇಲಿನ ಗಾಳಿ ವೇಗವಾಗಿ ಹರಿಯುವುದು, ಅಲ್ಲಿ ಒತ್ತಡ ಕಡಿಮೆಯಾಗುವುದು ನಿಜ. ಆದರೆ ಎರಡೂ ಗಾಳಿ ಒಟ್ಟಿಗೇ ತಲುಪಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಮೇಲಿನದು ಮೊದಲೇ ತಲುಪಿಬಿಡುತ್ತದೆ. ತುಸು ಓರೆಯಾಗಿ ಸಾಗುವ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಅಚ್ಚಾದ ಮಾತನ್ನೂ ಪ್ರಯೋಗಕ್ಕೆ ಒಡ್ಡಬಹುದೆಂದು ಐದು ಗ್ರಾಂ ಮರ ಹೇಳಿಕೊಡುತ್ತದೆ.

ಗಾಳಿಯ ಸ್ವಭಾವವನ್ನೂ ಅರಿಯಬೇಕು. ಈ ಬಯಲುಸೀಮೆ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಶೇಕಡಾ ಎಂಟರಷ್ಟು ತೆಳು. ಆದ್ದರಿಂದ ಅದೇ ಗ್ಲೈಡರ್ ಮಂಗಳೂರಿಗಿಂತ ಇಲ್ಲಿ ಕೊಂಚ ವೇಗವಾಗಿ ಸಾಗಿಯೇ ತನ್ನ ತೂಕ ಹೊರಬೇಕು. ಆಷಾಢದ ಗಾಳಿ ಗಾಳಿಪಟಕ್ಕೆ ಹಬ್ಬವಾದರೂ ಗ್ಲೈಡರ್‌ಗೆ ಕಂಟಕ. ಗಾಳಿ ಅಲುಗದ ಬೆಳಗಿನ ಹೊತ್ತೇ ಹೊಸಬರಿಗೆ ಸರಿ. ಬಲವಾಗಿ ಎಸೆಯಬಾರದು, ಗಾಳಿಯ ಮೇಲೆ ಇಟ್ಟಂತೆ ಮೆಲ್ಲಗೆ ಬಿಡಬೇಕು. ಹೊತ್ತೇರಿದಂತೆ ಬಿಸಿಯಾದ ಬಂಡೆ, ಬರಡು ನೆಲದ ಮೇಲಿನ ಗಾಳಿ ಕಾದು ಮೇಲೇಳುತ್ತದೆ. ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಏರುವುದು ಅದನ್ನೇ ಹಿಡಿದು. ಹದ್ದು ಎಲ್ಲಿ ಸುತ್ತುತ್ತಿದೆಯೆಂದು ಗಮನಿಸುವ ಮಗು ಹವಾಮಾನದ ಪಾಠವನ್ನು ಆಗಲೇ ಆರಂಭಿಸಿದಂತೆ.

ಒಂದು ಎಚ್ಚರಿಕೆಯ ಮಾತು. ಕೆ.ಜಿ.ಎಫ್.ನ ಸಯನೈಡ್ ದಿಬ್ಬಗಳು ಎತ್ತರವಾಗಿವೆಯೆಂದು ಅಲ್ಲಿಂದ ಹಾರಿಸುವ ಆಸೆ ಬೇಡ. ಅಲ್ಲಿಯ ದೂಳು ಆರೋಗ್ಯಕ್ಕೆ ಒಳ್ಳೆಯದಲ್ಲ. ಹಳೆಯ ಗಣಿಬಾವಿಗಳ ಆಸುಪಾಸೂ ಬೇಡ. ರೈಲುಹಳಿಯಿಂದಲೂ ದೂರವಿರಿ. ಶಾಲೆಯ ಮೈದಾನ ಧಾರಾಳವಾಗಿ ಸಾಕು.

ಬಾಲ್ಸಾ ಸಿಗದಿದ್ದರೆ ಕೈಕಟ್ಟಿ ಕೂರಬೇಕಾಗಿಲ್ಲ. ತೆಳು ಥರ್ಮೋಕೋಲ್ ಹಾಳೆಯ ರೆಕ್ಕೆ, ಒಡಲಿಗೆ ಬಿದಿರ ಕಡ್ಡಿ, ಮೂಗಿಗೆ ಅದೇ ಜೇಡಿಮಣ್ಣು ಇದ್ದರೂ ನಡೆಯುತ್ತದೆ. ಆಸಕ್ತಿ ಬೆಳೆದರೆ ಮುಂದೆ ದಾರಿಗಳಿವೆ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ವಿಮಾನ ಮಾದರಿ ತಯಾರಿಕೆ ತರಬೇತಿಯ ಒಂದು ಭಾಗ. ಆದರೆ ಪ್ರತಿ ಗ್ಲೈಡರ್ ಹಿಂದೆಯೂ ಒಬ್ಬ ಎಂಜಿನಿಯರನನ್ನು ಕಾಣುವ ಆತುರ ತಂದೆತಾಯಂದಿರಿಗೆ ಬೇಡ.

ಅಂಕಪಟ್ಟಿ ಮಗು ಎಷ್ಟು ಬಿತ್ತೆಂದು ಹೇಳುತ್ತದೆ, ಏಕೆ ಬಿತ್ತೆಂದು ಹೇಳುವುದಿಲ್ಲ. ಗ್ಲೈಡರ್ ಬಿದ್ದ ರೀತಿಯಲ್ಲೇ ಕಾರಣವನ್ನೂ ತೋರಿಸುತ್ತದೆ, ತಿದ್ದಿದ ಮರುಕ್ಷಣವೇ ಇನ್ನೊಂದು ಅವಕಾಶ ಕೊಡುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಆ ಕೆಸರು ಮಗುವಿನ ಕೈಗೇ ಅಂಟಲಿ. ವಾರವೆಲ್ಲ ರೈಲಿನಲ್ಲಿ ಕಳೆಯುವ ಅಪ್ಪಂದಿರು, ಅಮ್ಮಂದಿರು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮೈದಾನದ ಆ ತುದಿಯಲ್ಲಿ ನಿಂತರೆ ಸಾಕು. ಬಿದ್ದ ಗ್ಲೈಡರನ್ನು ಎತ್ತಿಕೊಡಲಿ. ತಿದ್ದುವುದನ್ನು ಮಗುವಿಗೇ ಬಿಡಲಿ.