ಬಲಹೊಟ್ಟೆಯ ಬಾಧ್ಯಸ್ಥರು

ನೋವು ಎದೆಯ ಎಡಗಡೆ ಬಂದರೆ ಮನೆಯವರು ಕಾರಿನ ಕೀಲಿ ಹುಡುಕುತ್ತಾರೆ. ಹೊಟ್ಟೆಯ ಬಲಗಡೆ ಬಂದರೆ ಓಂಕಾಳಿನ ಡಬ್ಬಿ ಹುಡುಕುತ್ತಾರೆ. ಎಡಗಡೆಯ ನೋವಿಗಿರುವ ಘನತೆ ಬಲಗಡೆಯದಕ್ಕೆ ಎಂದೂ ಸಿಗಲಿಲ್ಲ. ಮಗಳು ಓಡಿಹೋದ ಸುದ್ದಿ ಕೇಳಿದ ಸಿನಿಮಾ ಅಪ್ಪ ಹೊಟ್ಟೆಯ ಬಲಭಾಗ ಹಿಡಿದುಕೊಂಡು ಸೋಫಾದ ಮೇಲೆ ಕುಸಿದದ್ದನ್ನು ನಾನಂತೂ ನೋಡಿಲ್ಲ. ಆದರೆ ಮಾತಿಗೆ ಒದಗುವುದರಲ್ಲಿ ಬಲಗಡೆಯದೇ ಮೇಲುಗೈ. ಎಡಗಡೆ ಎಂದರೆ ಎಲ್ಲರಿಗೂ ಒಂದೇ ಅನುಮಾನ. ಬಲಗಡೆ ಎಂದರೆ ತಲೆಗೊಂದು.

ಅದಕ್ಕೆ ಕಾರಣವೂ ಇದೆ. ಹೊಟ್ಟೆಯ ಬಲಭಾಗವೆಂದರೆ ಹಳೇ ಮೈಸೂರಿನ ಒಂದು ವಠಾರ. ಪಕ್ಕೆಲುಬಿನ ಮರೆಯಲ್ಲಿ ದೊಡ್ಡ ಸಂಸಾರದ ಲಿವರ್. ಅದಕ್ಕೆ ಅಂಟಿದ ಕಿರುಕೋಣೆಯಲ್ಲಿ ಪಿತ್ತಕೋಶ. ಹಿತ್ತಲ ಕಡೆಗೆ ಮೂತ್ರಪಿಂಡ. ಕೆಳಗಿಂದ ಮೇಲೆ ಹತ್ತಿ ತಿರುವು ಹಾಕಿಕೊಂಡು ಹೋಗುವ ದೊಡ್ಡಕರುಳು. ಅದರ ಬುಡದ ಮೂಲೆಯಲ್ಲಿ ಬಾಡಿಗೆ ಕೊಡದೆ ಕೂತ ಅಪೆಂಡಿಕ್ಸ್. ಹೆಂಗಸರಾದರೆ ಬಲ ಅಂಡಾಶಯವೂ ಅಲ್ಲೇ ಹತ್ತಿರ. ಯಾರ ಮನೆಯಲ್ಲಿ ಜಗಳವಾದರೂ ಸದ್ದು ಬರುವುದು ಒಂದೇ ಅಂಗಳದಿಂದ. ಒಮ್ಮೊಮ್ಮೆ ಗಲಾಟೆ ಮಹಡಿಯವರದಾಗಿರುತ್ತದೆ: ಬಲ ಶ್ವಾಸಕೋಶದ ತಳದಲ್ಲಿ ನ್ಯುಮೋನಿಯಾ ಆದ ಮಗು ಎದೆ ಬಿಟ್ಟು ಹೊಟ್ಟೆ ತೋರಿಸಿ ಅಳುವುದುಂಟು.

ನಂಜನಗೂಡಿನ ನಮ್ಮ ಮನೆಯಲ್ಲಿ ಹುಡುಗನಾಗಿದ್ದಾಗ ನನಗೆ ಆಗಾಗ ಈ ನೋವು ಬರುತ್ತಿತ್ತು. ಬಂದ ಕೂಡಲೇ ನಡುಮನೆಯಲ್ಲಿ ಪಂಚಾಯಿತಿ. ನಾನು ಚಾಪೆಯ ಮೇಲೆ, ಸುತ್ತ ಹಿರಿಯರು.

ಅಜ್ಜಿಯದು ಮೊದಲ ತೀರ್ಪು: "ಬಟ್ಟಿ ಜಾರಿದೆ." ಬಟ್ಟಿ ಜಾರಿಲ್ಲವೆಂದಾದರೆ ದೃಷ್ಟಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಕಡೆಗೆ ಶ್ರೀಕಂಠೇಶ್ವರನಿಗೆ ಹರಕೆ. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿ ಮಾಡಿ ನಮ್ಮ ದೇವರು 'ಹಕೀಂ ನಂಜುಂಡ' ಎನಿಸಿಕೊಂಡನೆಂಬ ಕಥೆ ಊರಿಗೆಲ್ಲ ಗೊತ್ತು. "ಆನೆ ಕಣ್ಣು ನೋಡಿದೋನಿಗೆ ನಿನ್ನ ಹೊಟ್ಟೆ ಯಾವ ಲೆಕ್ಕ ಮಗಾ" ಎನ್ನುತ್ತ ಅಜ್ಜಿ ಹರಳೆಣ್ಣೆಯ ಸೀಸೆಗೂ ಕೈಹಾಕುತ್ತಿದ್ದಳು. ದೇವರ ಮೇಲೆ ನಂಬಿಕೆ ಇತ್ತು, ಪೂರ್ತಿ ಭಾರ ಹಾಕುತ್ತಿರಲಿಲ್ಲ.

ದೊಡ್ಡಮ್ಮನಿಗೆ ಹೊಟ್ಟೆ ನೋವೆಂದರೆ ಪಿತ್ತಕೋಶವೇ. ಯಾರದೋ ಮದುವೆಯಲ್ಲಿ ತುಪ್ಪ ಸುರಿದುಕೊಂಡು ಒಬ್ಬಟ್ಟು ತಿಂದ ರಾತ್ರಿ ಬಲ ಪಕ್ಕೆಲುಬಿನ ಕೆಳಗೆ ಹಿಡಿದ ನೋವು ಬಲಭುಜದವರೆಗೂ ಏರಿತಂತೆ. ಮನೆಯವರು ಭುಜಕ್ಕೆ ಎಣ್ಣೆ ತಿಕ್ಕಿದರು. ಪಿತ್ತಕೋಶದ ನೋವು ಭುಜದಲ್ಲಿ ಕಾಣಿಸಿಕೊಳ್ಳಬಹುದೆಂದು ತಿಳಿದದ್ದು ಆಮೇಲೆ. ಆಪರೇಷನ್ ಆದಾಗ ಡಾಕ್ಟರು ಕೊಟ್ಟ ಹರಳುಗಳನ್ನು ಆಕೆ ಪುಟ್ಟ ಸೀಸೆಯಲ್ಲಿ ಇಟ್ಟುಕೊಂಡಿದ್ದಳು. ಮನೆಗೆ ಬಂದವರಿಗೆ ಕಾಫಿಯ ಜೊತೆ ಅದರ ದರ್ಶನ. ನನ್ನ ಹೊಟ್ಟೆ ಮುಟ್ಟುವ ಮೊದಲೇ ಸೀಸೆ ಅಲ್ಲಾಡಿಸಿ, "ನಂದೂ ಹಿಂಗೇ ಶುರುವಾಗಿದ್ದು" ಎನ್ನುತ್ತಿದ್ದಳು.

ಸೋದರಮಾವನಿಗೆ ಇದು ಒಪ್ಪಿಗೆಯಿಲ್ಲ. ಅವನದು ಮೂತ್ರಪಿಂಡದ ಕಲ್ಲು. ಬೆನ್ನ ಪಕ್ಕೆಯಲ್ಲಿ ಹುಟ್ಟಿ ತೊಡೆಸಂದಿಗೆ ಇಳಿಯುವ ಆ ನೋವಿಗೆ ಕೂತರೂ ಆಗದು, ಮಲಗಿದರೂ ಆಗದು. ಇಡೀ ರಾತ್ರಿ ಹಿತ್ತಲಲ್ಲಿ ಶತಪಥ ತುಳಿದಿದ್ದನಂತೆ. ಹಾಗಾಗಿ ನನಗೂ ಬಾಳೆದಿಂಡಿನ ಪಲ್ಯ, ಹುರುಳಿಕಟ್ಟಿನ ಸಾರು.

ಪಕ್ಕದ ಮನೆಯವರು ಬಂದು ನನ್ನ ಅಂಗಿ ಎತ್ತಿ ಗುಳ್ಳೆ ಹುಡುಕುತ್ತಿದ್ದರು. ಅವರಿಗೆ ಸರ್ಪಸುತ್ತು ಆಗಿತ್ತು. ಗುಳ್ಳೆ ಏಳುವ ಕೆಲವು ದಿನ ಮೊದಲೇ ಪಕ್ಕೆಯಲ್ಲಿ ಉರಿನೋವು. ಹೀಗೆ ನನ್ನ ಹೊಟ್ಟೆಯಲ್ಲಿ ಒಬ್ಬೊಬ್ಬರಿಗೂ ಅವರವರ ಕಾಯಿಲೆಯೇ ಕಾಣುತ್ತಿತ್ತು. ಯಾರೂ ಕೇಳದ ತಮ್ಮ ಕಷ್ಟವನ್ನು ಹೇಳಿಕೊಳ್ಳಲು ನಾನು ಅಂಗಾತ ಮಲಗಿದ್ದೇ ಅವರಿಗೊಂದು ನೆಪ.

ಕಡೆಗೆ ಪೇಟೆಯ ಡಾಕ್ಟರು. ಅವರು ಮಾತಿಗಿಂತ ಬೆರಳನ್ನು ನಂಬಿದವರು. ಸೊಂಟದ ಮೂಳೆಯ ತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದರೆ, ಮೂಳೆಯ ಕಡೆಯಿಂದ ಮೂರನೇ ಒಂದು ಪಾಲು ದೂರದಲ್ಲಿ ಒಂದು ಜಾಗ. 1889ರಲ್ಲಿ ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ ಅದನ್ನು ಗುರುತಿಸಿಟ್ಟ. ಅಪೆಂಡಿಕ್ಸ್ ಊದಿದ್ದರೆ ಅಲ್ಲಿ ಒತ್ತಿದಾಗ ರೋಗಿ ಹಾರಿಬೀಳುತ್ತಾನೆ. ನಾನು ಕಿಸಕ್ಕನೆ ನಕ್ಕೆ. "ಒಂಟಿಕಾಲಲ್ಲಿ ಕುಣಿ" ಎಂದರು, ಕುಣಿದೆ. "ಮೊದಲು ಹೊಕ್ಕುಳ ಸುತ್ತ ನೋವು ಬಂದು ಆಮೇಲೆ ಇಲ್ಲಿಗೆ ಇಳೀತಾ? ವಾಂತಿ? ಜ್ವರ?" ಇಲ್ಲ, ಇಲ್ಲ, ಇಲ್ಲ. "ಹಾಗಾದ್ರೆ ಗ್ಯಾಸು" ಎಂದು ಹೇಳಿ ಅಜ್ಜಿಯ ಕಡೆ ತಿರುಗಿದರು. "ಹರಳೆಣ್ಣೆ ಮಾತ್ರ ಕೊಡಬೇಡಿ ಅಮ್ಮ. ನಿಜವಾಗಿ ಅಪೆಂಡಿಕ್ಸ್ ಆಗಿದ್ದು ಭೇದಿಗೆ ಕೊಟ್ರೆ ಒಳಗೇ ಒಡೆದುಹೋಗಬಹುದು."

ಬಂದದ್ದು ಬರೀ ಗ್ಯಾಸೆಂದು ತಿಳಿದಾಗ ಮನೆಯಲ್ಲಿ ಸ್ವಲ್ಪ ನಿರಾಸೆಯೇ ಆಯಿತು. ಮಾವ ಮಾತ್ರ ಬಿಡಲಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. "ಬಲಗಡೆ ಹೊಟ್ಟೆ ನೋವು ಅಂದ್ರೆ ಸಾಮಾನ್ಯ ಅಂದ್ಕೊಂಡ್ಯೇನೋ?" ಎಂದು ಶುರುಮಾಡಿದ. 1902ರ ಜೂನ್ 26ಕ್ಕೆ ಲಂಡನ್ನಿನಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕ. ದೇಶದೇಶದ ಅತಿಥಿಗಳು ಬಂದಾಗಿತ್ತು. ಎರಡು ದಿನ ಮುಂಚೆ, 24ರಂದು, ಚಕ್ರವರ್ತಿಯ ಹೊಟ್ಟೆ ಕೊಯ್ದು ಅಪೆಂಡಿಕ್ಸಿನ ಸುತ್ತ ಕಟ್ಟಿದ್ದ ಕೀವನ್ನು ಸರ್ಜನ್ ಫ್ರೆಡರಿಕ್ ಟ್ರೀವ್ಸ್ ಹೊರಗೆ ಹರಿಸಬೇಕಾಯಿತು. ಕಿರೀಟ ಮುಂದಕ್ಕೆ ಹೋಯಿತು. "ಕೊನೆಗೆ ತಲೆಗೇರಿದ್ದು ಆಗಸ್ಟ್ 9ಕ್ಕೆ. ನಮ್ಮ ನಾಲ್ವಡಿಯವರಿಗೆ ಕರ್ಜನ್ ಬಂದು ಅಧಿಕಾರ ಒಪ್ಪಿಸಿದ್ದು ಆಗಸ್ಟ್ 8ಕ್ಕೆ. ಅಪೆಂಡಿಕ್ಸ್ ದಯದಿಂದ ನಮ್ಮ ಮಹಾರಾಜರು ಚಕ್ರವರ್ತಿಗಿಂತ ಒಂದು ದಿನ ಸೀನಿಯರ್!" ಮೈಸೂರಿನ ಇತಿಹಾಸವನ್ನು ಇಷ್ಟು ಹೆಮ್ಮೆಯಿಂದ ಯಾರ ಹೊಟ್ಟೆಯ ಪಕ್ಕದಲ್ಲೂ ಯಾರೂ ಹೇಳಿರಲಾರರು.

ಈಗ ಅಜ್ಜಿಯಿಲ್ಲ, ಮಾವನಿಲ್ಲ. ದೊಡ್ಡಮ್ಮನ ಸೀಸೆ ಏನಾಯಿತೋ ಗೊತ್ತಿಲ್ಲ. ಪಾಲಿನ ಪಟ್ಟಿಯಲ್ಲಂತೂ ಇರಲಿಲ್ಲ. ಈಚೆಗೆ ಬೆಂಗಳೂರಿನ ಫ್ಲಾಟಿನಲ್ಲಿ ಬಲಗಡೆ ನೋವು ಬಂತು. ಪಂಚಾಯಿತಿ ಸೇರಲಿಲ್ಲ. ಮಗ ಅಮೆರಿಕದಿಂದ "ಗೆಟ್ ಎ ಸ್ಕ್ಯಾನ್ ಅಪ್ಪಾ" ಎಂದು ಬರೆದ, ಜೊತೆಗೊಂದು ಕೈಮುಗಿದ ಚಿತ್ರ. ಆಸ್ಪತ್ರೆಯ ಹುಡುಗ ಡಾಕ್ಟರು ಕೇಳಿದ: "ಬರ್ತಾ ಹಂಪ್ಸ್ ಮೇಲೆ ಆಟೊ ಹಾರಿದಾಗ ನೋವು ಜಾಸ್ತಿ ಆಯ್ತಾ ಸರ್?" ತಮಾಷೆಯೆಂದುಕೊಂಡೆ. 2012ರಲ್ಲಿ ಬ್ರಿಟನ್ನಿನ ವೈದ್ಯರು ಇದನ್ನೇ ಅಧ್ಯಯನ ಮಾಡಿದ್ದರಂತೆ. ಅಪೆಂಡಿಕ್ಸ್ ಊದಿದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹಂಪ್ಸ್ ಮೇಲೆ ನೋವು ಏರಿತ್ತು. ಅವರ ರಸ್ತೆ ಅಂಥದು. ನಮ್ಮ ರಸ್ತೆಯಲ್ಲಿ ಈ ಪರೀಕ್ಷೆ ಇಟ್ಟರೆ ಆಟೊ ಇಳಿದವರೆಲ್ಲ ನೇರ ಥಿಯೇಟರಿಗೇ ಹೋಗಬೇಕಾದೀತು.

ತಣ್ಣನೆಯ ಜೆಲ್ಲು ಹಚ್ಚಿದರು, ಉಸಿರು ಹಿಡಿಯಿರಿ ಎಂದರು, ಬಿಡಿ ಎಂದರು. ಲಿವರ್ ನಾರ್ಮಲ್, ಪಿತ್ತಕೋಶ ನಾರ್ಮಲ್, ಮೂತ್ರಪಿಂಡ ನಾರ್ಮಲ್. ಸ್ನಾಯು ಹಿಡಿದಿರಬೇಕು, ನೀರಿನ ಕ್ಯಾನ್ ಎತ್ತಬೇಡಿ ಎಂದು ಕಳಿಸಿದರು. ಸಂತೋಷಪಡಬೇಕಾದ ವರದಿ. ಆದರೆ ಇಡೀ ವಠಾರ ಸುತ್ತಿ ಬಂದ ಆ ಮಿಷನ್ನು ತನ್ನ ಕಡೆಯದೊಂದು ಕಥೆ ಹೇಳಲಿಲ್ಲ.

ಅಂಟಾರ್ಕ್ಟಿಕಾದ ಲಿಯೊನಿಡ್ ರೊಗೊಜೊವ್ ಆಗ ನೆನಪಾದ. 1961ರಲ್ಲಿ ಸೋವಿಯತ್ ಶಿಬಿರದ ಏಕೈಕ ವೈದ್ಯನಾಗಿದ್ದ ಅವನಿಗೇ ಅಪೆಂಡಿಕ್ಸ್ ಊದಿತು. ಏಪ್ರಿಲ್ 30ರ ರಾತ್ರಿ ಹೊಟ್ಟೆಗಷ್ಟೇ ಮರಗಟ್ಟಿಸುವ ಮದ್ದು ಹಾಕಿಕೊಂಡು ತನ್ನದನ್ನು ತಾನೇ ಕೊಯ್ದು ತೆಗೆದ. ಅಷ್ಟು ಹಿಮದ ನಡುವೆಯೂ ಕನ್ನಡಿ ಹಿಡಿಯಲು, ಉಪಕರಣ ಕೊಡಲು ಅವನ ಪಕ್ಕದಲ್ಲಿ ಜನ ನಿಂತಿದ್ದರು. ನನ್ನ ಫ್ಲಾಟಿನ ಎದುರುಮನೆಯವರ ಹೆಸರು ನನಗಿನ್ನೂ ಗೊತ್ತಿಲ್ಲ.

ಮೊನ್ನೆ ತಂಗಿಯ ಮಗ ಹಾಸ್ಟೆಲ್ಲಿನಿಂದ ಫೋನ್ ಮಾಡಿದ. ಹೊಕ್ಕುಳ ಹತ್ತಿರ ಶುರುವಾದ ನೋವು ಬಲಗಡೆ ಕೆಳಕ್ಕೆ ಇಳಿದಿದೆ, ಅಲ್ಲಾಡಿದರೆ ಪ್ರಾಣ ಹೋಗುತ್ತೆ, ಮಾವ, ಏನು ಮಾಡಲಿ ಎಂದ. "ಮೊದಲು ಆಸ್ಪತ್ರೆಗೆ ಹೋಗೋ, ಏನೂ ತಿನ್ನಬೇಡ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನದೆಂದು ತೋರಿಸಲು ಹರಳಿಲ್ಲ, ಗುಳ್ಳೆಯಿಲ್ಲ, ಹೊಲಿಗೆಯ ಗುರುತೂ ಇಲ್ಲ. ಇದ್ದದ್ದು ಮಾವ ಬಿಟ್ಟುಹೋದ ಎಡ್ವರ್ಡ್ ಒಬ್ಬನೇ. "ನೋಡು, 1902ನೇ ಇಸವೀಲಿ..." ಎಂದು ಎತ್ತಿಕೊಂಡೆ.

ಒಳಗಿನಿಂದ ಹೆಂಡತಿ ಕೂಗಿದಳು: "ರೀ, ಅವನು ಆಸ್ಪತ್ರೆಗೆ ಹೋಗ್ಬೇಕಾದ್ರೆ ಮೊದಲು ನೀವು ಫೋನ್ ಇಡ್ಬೇಕಲ್ವಾ?"